ಮುಂದೆ ಬಿಗಿ, ಹಿಂದೆ ಸಡಿಲ

ಗುರುವಾರ, ಮಧ್ಯಾಹ್ನ
ಪಾಠದ ಕಾರಿನೊಳಗಿಂದ

ಪ್ರೀತಿಯ ಅತ್ತೆ,

ನಿಮ್ಮ ಸ್ಟೇರಿಂಗ್ ಸೊಸೆಯಿಂದ ಮೊದಲು ಒಂದು ಗಟ್ಟಿ ಅಪ್ಪುಗೆ, ನಮಸ್ಕಾರ ಆಮೇಲೆ.

ನಿಮ್ಮ ಪತ್ರ ಕೈಗೆ ಬಂದಾಗಿನಿಂದ ಎಷ್ಟು ಸಲ ಓದಿದ್ದೇನೆಂದರೆ ಮಡಿಕೆಯಲ್ಲಿ ಕಾಗದ ಹರಿಯತೊಡಗಿದೆ. ಈ ಕಾಲದಲ್ಲಿ ಪತ್ರ ಬರೆಯುವ ಅತ್ತೆ ಯಾರಿಗೆ ಸಿಗುತ್ತಾರೆ ಹೇಳಿ! ಗೆಳತಿಯರಿಗೆಲ್ಲ ತೋರಿಸಿ ಹೊಟ್ಟೆ ಉರಿಸಿದೆ. ಮದುವೆಯ ಫೋಟೋಗಳಲ್ಲಿ ನಾನು ಕೈ ಇಳಿಬಿಟ್ಟುಕೊಂಡು ಎಷ್ಟು ನಾಚಿ ನಿಂತಿದ್ದೇನೆ ಎಂದು ನೀವು ಬರೆದ ಸಾಲನ್ನು ನಿಮ್ಮ ಮಗನಿಗೆ ಎರಡು ಸಲ ಓದಿ ಹೇಳಿದೆ. ಇವರು ಬಿದ್ದು ಬಿದ್ದು ನಕ್ಕರು. ನೀವು ಹೊಲಿದ ಮದುವೆಯ ಉಡುಪು ಮಲಗುವ ಕೋಣೆಯ ಬಾಗಿಲ ಹಿಂದೆಯೇ ತೂಗುತ್ತಿದೆ. ಪೆಟ್ಟಿಗೆಗೆ ಹಾಕಲು ಮನಸ್ಸಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಅದನ್ನು ನೋಡಿ, ಅಯ್ಯೋ ನಿಜವಾಗಿ ಮದುವೆಯಾಗಿಬಿಟ್ಟಿದೆಯಲ್ಲ ಎಂದು ಒಮ್ಮೆ ಖುಷಿಪಡುತ್ತೇನೆ.

ನಾನು ಇಂಗ್ಲಿಷ್ ಮೀಡಿಯಂ ಹುಡುಗಿ. ಶಾಲೆಯಲ್ಲಿ ಪರೀಕ್ಷೆಗೆಂದು ರಜೆ ಅರ್ಜಿ ಬರೆದದ್ದು ಬಿಟ್ಟರೆ ಕನ್ನಡದಲ್ಲಿ ಪತ್ರ ಎಂದು ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ಎಡವಿದರೆ ಬಂದಾಗ ಕಿವಿ ಹಿಂಡಿ. ಫೋನ್ ಮಾಡಬಹುದಿತ್ತು ಎನ್ನುತ್ತೀರಿ. ನಮ್ಮ ಮನೆ ನೋಡಿದ್ದೀರಲ್ಲ, ಅಡುಗೆಮನೆಯಲ್ಲಿ ಆಕಳಿಸಿದರೆ ಬಚ್ಚಲಿನಲ್ಲಿ ಕೇಳಿಸುತ್ತದೆ. ನಿಮ್ಮ ಮಗನ ಬಗ್ಗೆ ನಿಮ್ಮ ಮಗನ ಕಿವಿಯ ಪಕ್ಕದಲ್ಲೇ ನಿಂತು ಹೇಗೆ ಕೇಳಲಿ? ಅದಕ್ಕೇ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ, ಸ್ಟೇರಿಂಗಿಗೆ ರಟ್ಟು ಆನಿಸಿಕೊಂಡು ಬರೆಯುತ್ತಿದ್ದೇನೆ. ಈ ಹೊತ್ತಿನ ವಿದ್ಯಾರ್ಥಿ ಇನ್ನೂ ಬಂದಿಲ್ಲ. ನಿನ್ನೆ ಕಸದ ಡಬ್ಬಿಗೆ ಗುದ್ದಿದ್ದರು, ನಾಚಿಕೆಯಾಗಿರಬೇಕು.

ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ ಅತ್ತೆ. ನಿಮ್ಮ ಮಗ "ಪರವಾಗಿಲ್ಲ" ಎಂದಾಗ ಒಳಗೆ ಏನನ್ನು ನುಂಗಿಕೊಂಡಿರುತ್ತಾರೆ? ಹೆತ್ತವರಿಗೆ ಗೊತ್ತಿರುತ್ತದೆ. ನನಗೆ ಶನಿವಾರ ಬೆಳಗಾಗುವ ಮೊದಲು ಗೊತ್ತಾಗಬೇಕಿತ್ತು. ಇವತ್ತು ಹಾಕಿದ ಪತ್ರ ಶನಿವಾರದೊಳಗೆ ನಿಮಗೆ ತಲುಪುವುದೇ ಇಲ್ಲ ಎಂದು ತಿಳಿದೂ ಬರೆಯುತ್ತಿದ್ದೇನೆ, ನೋಡಿ ನನ್ನ ಬುದ್ಧಿ! ಶನಿವಾರ ಯಾಕೆಂದರೆ, ಅವತ್ತು ನಾನು ನನ್ನ ಕಾರನ್ನು ಮಾರುತ್ತಿದ್ದೇನೆ. ಯಾಕೆ ಮಾರುತ್ತಿದ್ದೇನೆಂದರೆ ಇವರು ಅದರಲ್ಲಿ ನನ್ನ ಪಕ್ಕ ಕೂರುವುದನ್ನು ಬಿಟ್ಟಿದ್ದಾರೆ.

ಮೊದಲಿನಿಂದ ಹೇಳುತ್ತೇನೆ. ನಾವು ಹೇಗೆ ಸೇರಿದೆವು ಎಂಬುದನ್ನು ಇವರ ಬಾಯಲ್ಲಿ ಕೇಳಿರುತ್ತೀರಿ, ಅಂದರೆ ಒಂದೇ ವಾಕ್ಯದಲ್ಲಿ. ಇವರು ಕಾರು ಕಲಿಯಲು ನಮ್ಮ ಸ್ಕೂಲಿಗೆ ಬಂದರು. ಕ್ಲಚ್ ಮೇಲೆ ಕಾಲಿಡುವುದೂ ಮೊಟ್ಟೆಯ ಮೇಲೆ ಇಟ್ಟಂತೆ. ಪರೀಕ್ಷೆಯ ದಿನ ರಸ್ತೆಯ ನಡುವೆ ಕೂತಿದ್ದ ಪಾರಿವಾಳ ತಾನಾಗಿಯೇ ಎದ್ದು ಹೋಗಲಿ ಎಂದು ಗಾಡಿ ನಿಲ್ಲಿಸಿಕೊಂಡು ಕಾದರು. ಪಾರಿವಾಳ ಹೋಗಲಿಲ್ಲ. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದು ಹೊಡೆದು ಸುಸ್ತಾದ. ಫೇಲ್! ಇಳಿದು ಬಂದವರೇ ನನ್ನ ಮುಖ ನೋಡಿ, "ಪರವಾಗಿಲ್ಲ ಮೇಡಂ, ನೀವು ಚೆನ್ನಾಗೇ ಹೇಳ್ಕೊಟ್ರಿ" ಎಂದರು. ನಾನು ಅಲ್ಲೇ ಕರಗಿಹೋದೆ. ಲೈಸೆನ್ಸ್ ಸಿಗಲಿಲ್ಲ, ಹೆಂಡತಿ ಸಿಕ್ಕಳು ಎಂದು ಸ್ಕೂಲಿನವರು ಈಗಲೂ ಆಡಿಕೊಳ್ಳುತ್ತಾರೆ.

ನನ್ನ ಕೆಲಸ ನಿಮಗೆ ಗೊತ್ತು. ದಿನವೆಲ್ಲ ಹೆದರಿದವರ ಪಕ್ಕ ಕೂತು, ಸೈಕಲ್ಲಿನವರೂ ದಾಟಿಹೋಗುವ ವೇಗದಲ್ಲಿ ತೆವಳುವುದು. ಅದಕ್ಕೇ ನನಗೆ ಭಾನುವಾರ ಬೇಕು. ಊರ ಹೊರಗೆ ವಿಮಾನ ಇಳಿಯುವುದು ನಿಂತುಹೋದ ಒಂದು ಹಳೆಯ ರನ್‌ವೇ ಇದೆ. ನಮ್ಮ ಕ್ಲಬ್ಬಿನವರು ಅಲ್ಲಿ ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟು ಅಂಕುಡೊಂಕು ದಾರಿ ಮಾಡುತ್ತಾರೆ. ಒಬ್ಬೊಬ್ಬರೇ ಓಡಿಸುವುದು, ಸ್ಪರ್ಧೆ ಗಡಿಯಾರದ ಜೊತೆ. ಯಾರಿಗೂ ಗುದ್ದುವಂತಿಲ್ಲ; ಕೋನ್ ಬಿದ್ದರೆ ಮರ್ಯಾದೆ ಮಾತ್ರ ಹೋಗುತ್ತದೆ. ನನ್ನ ಪುಟ್ಟ ಕೆಂಪು ಕಾರು ಭಾನುವಾರ ಅಲ್ಲಿ ಹಾರುತ್ತದೆ, ಸೋಮವಾರದಿಂದ ತರಕಾರಿ ಹೊರುತ್ತದೆ, ಇವರನ್ನು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿಗೆ ಬಿಡುತ್ತದೆ. ಇದ್ದ ಒಂದೇ ಕಾರಿಗೆ ಎರಡೆರಡು ಜನ್ಮ.

ಮದುವೆಯ ಹೊತ್ತಿಗೆ ಅದರ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರ್‌ಗಳು ಸತ್ತೇಹೋಗಿದ್ದವು. ನಮ್ಮ ಕಟ್ಟಡದ ಗೇಟಿನ ಹಂಪ್ ದಾಟಿದ ಮೇಲೂ ಕಾರು ಹೌದು ಹೌದು ಹೌದು ಎಂದು ತಲೆಯಾಡಿಸುತ್ತಲೇ ಇರುತ್ತಿತ್ತು. ಇವರು ಒಂದು ಕೈಯಲ್ಲಿ ತಿಂಡಿಯ ಡಬ್ಬಿ, ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ ಹಿಡಿದು, ದಂತವೈದ್ಯರ ಕುರ್ಚಿಯಲ್ಲಿ ಕೂತವರಂತೆ ಕೂರುತ್ತಿದ್ದರು. ಕಷ್ಟ ಆಗ್ತಿದೆಯಾ ಎಂದು ಕೇಳಿದರೆ ಅದೇ ಉತ್ತರ. ಪರವಾಗಿಲ್ಲ.

ಅದಕ್ಕೇ ಜ್ಯಾಕ್ ಅಣ್ಣನ ಗ್ಯಾರೇಜಿಗೆ ಹೋದೆವು. ಆತನ ನಿಜವಾದ ಹೆಸರು ಯಾರಿಗೂ ಬೇಕಾಗಿಲ್ಲ. ಸದಾ ಜ್ಯಾಕ್ ಏರಿಸಿದ ಕಾರಿನಡಿ ಮಲಗಿರುವುದರಿಂದ ಆ ಹೆಸರು. ಬೆಂಚಿನ ಮೇಲೆ ಮೂರು ಪೆಟ್ಟಿಗೆ ಇಟ್ಟ. ಮೊದಲನೆಯದರಲ್ಲಿ ಬರೀ ಗಿಡ್ಡ ಸ್ಪ್ರಿಂಗು, ಕಾರನ್ನು ನೆಲಕ್ಕೆ ಇಳಿಸುವುದಷ್ಟೇ. ಎರಡನೆಯದು ಎತ್ತರವನ್ನು ಮಾತ್ರ ಹೊಂದಿಸುವಂಥದ್ದು. ಮೂರನೆಯದರಲ್ಲಿ ಎತ್ತರವೂ ತಿರುಗುತ್ತದೆ, ಬಿಗಿಯೂ ತಿರುಗುತ್ತದೆ. ಪ್ರತಿ ಚಕ್ರಕ್ಕೂ ಒಂದೊಂದು ತಿರುಪು, ಟಿಕ್ ಟಿಕ್ ಎಂದು ತಿರುಗಿಸಿದಷ್ಟೂ ಬಿಗಿ.

"ತಂಗೀ, ರೋಡಿಗೆ ಬೇಕಾ, ರೇಸಿಗೆ ಬೇಕಾ? ಎರಡೂ ಬೇಕು ಅಂದ್ರೆ ಎರಡು ಕಾರು ತಗೋ" ಎಂದು ಜ್ಯಾಕ್ ಅಣ್ಣ ಗದರಿದ.

"ಎರಡು ಕಾರು ತಗೊಂಡ್ರೆ ನಿನ್ನ ಹತ್ರ ಯಾಕೆ ಬರ್ಲಿ?" ಎಂದೆ.

ಮೊದಲನೆಯದು ಬೇಡ ಎಂದೆ. ಗೇಟಿನ ಹಂಪಿಗೆ ಹೊಟ್ಟೆ ತಾಗಿದರೆ ಪಕ್ಕದ ಮನೆಯವರೆಲ್ಲ ಬಾಲ್ಕನಿಗೆ ಬರುತ್ತಾರೆ. ಎರಡನೆಯದು ನೋಡಲು ಚೆಂದ, ಗುಣ ಒಂದೇ. ಬೆಳಿಗ್ಗೆಯೂ ಅಷ್ಟೇ ಗಟ್ಟಿ, ಸಂಜೆಯೂ ಅಷ್ಟೇ ಗಟ್ಟಿ. ಮೂರನೆಯದನ್ನು ಎತ್ತಿಕೊಂಡಾಗ ಮಗು ಎತ್ತಿಕೊಂಡಷ್ಟು ಖುಷಿಯಾಯಿತು. ಭಾನುವಾರ ಬಿಗಿ ಮಾಡಿಕೊಂಡರೆ ನನಗೆ, ಮಿಕ್ಕ ದಿನ ಸಡಿಲ ಬಿಟ್ಟರೆ ಇವರಿಗೆ. ಒಂದೇ ಕಾರಿನಲ್ಲಿ ಇಬ್ಬರ ಸಂಸಾರ! "ಗಟ್ಟಿ ಇದ್ರೇನೇ ಅಣ್ಣಾ ನಂಗೆ ಜೀವ ಬರೋದು, ರೋಡು ಅಂಗೈಗೆ ಸಿಕ್ಕಹಾಗಿರುತ್ತೆ" ಎಂದು ಏನೇನೋ ಬಡಬಡಿಸಿದೆ. ಆ ಮಾತು ಯಾಕಾದರೂ ಆಡಿದೆನೋ, ಮುಂದೆ ಗೊತ್ತಾಗುತ್ತದೆ. ಇವರು ಕೈಯಲ್ಲಿ ಒಂದು ತಿರುಪನ್ನು ಹಿಡಿದು ತುಂಬ ಹೊತ್ತು ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಒಂದ್ಸಲ ತಿರುಗಿಸಿದ್ಮೇಲೆ ವಾಪಸ್ ತಿರುಗಿಸಬಹುದಾ?" ಜ್ಯಾಕ್ ಅಣ್ಣ ನಕ್ಕು, "ಮದುವೆ ಅಲ್ಲಪ್ಪಾ ಇದು, ಎಷ್ಟು ಸಲ ಬೇಕಾದ್ರೂ ತಿರುಗಿಸು" ಎಂದ.

ನಿಮಗೆ ಅರ್ಥವಾಗುವಂತೆ ಹೇಳುವುದಾದರೆ ಅದು ನಿಮ್ಮ ಹೊಲಿಗೆ ಮೆಷಿನ್ನಿನ ದಾರದ ತಿರುಪಿನ ಹಾಗೆ. ಮೇಲಿನ ದಾರ, ಕೆಳಗಿನ ದಾರ ಎರಡೂ ಸಮ ಬಿಗಿಯಿದ್ದರೆ ಹೊಲಿಗೆ ನೆಟ್ಟಗೆ ಬರುತ್ತದೆ ಎಂದು ಮದುವೆಗೆ ಮುಂಚೆ ನನಗೆ ತೋರಿಸಿದ್ದಿರಿ. ಇಲ್ಲಿ ಮುಂದಿನ ಚಕ್ರ, ಹಿಂದಿನ ಚಕ್ರ. ಅಷ್ಟೇ.

ವಿದ್ಯಾರ್ಥಿ ಬಂದರು! ಕೈಯಲ್ಲಿ ಹೂಗುಚ್ಛ ಹಿಡಿದು ಬರುತ್ತಿದ್ದಾರೆ. ನನಗಾ, ಕಸದ ಡಬ್ಬಿಗಾ? ನಿಲ್ಲಿಸುತ್ತೇನೆ.

ಅದೇ ದಿನ, ಸಂಜೆ
ಲ್ಯಾಬಿನ ಎದುರಿನ ಮೆಟ್ಟಿಲ ಮೇಲೆ

ಅತ್ತೆ, ನಾನು ಇಲ್ಲಿ ಕೂತಿರುವುದು ಇವರಿಗೆ ಗೊತ್ತಿಲ್ಲ. ಕಿಟಕಿಯಲ್ಲಿ ಇವರ ತಲೆ ಕಾಣುತ್ತಿದೆ. ಹಣೆಗೆ ದೀಪ ಕಟ್ಟಿಕೊಂಡು ಯಾರದೋ ಹಲ್ಲಿನ ಸೆಟ್ಟನ್ನು ಉಜ್ಜುತ್ತಿದ್ದಾರೆ. ಮೀಸೆಯ ಮೇಲೆಲ್ಲ ಪ್ಲಾಸ್ಟರಿನ ಬಿಳಿ ಪುಡಿ. ಒಳಗೆ ಹೋಗಿ ಆ ಪುಡಿಯನ್ನು ಊದಿಬಿಡಬೇಕು ಅನ್ನಿಸುತ್ತಿದೆ. ಹೋಗುವುದಿಲ್ಲ. ಕೂತಲ್ಲಿ ಕೂರಲೂ ಆಗುತ್ತಿಲ್ಲ. ಈ ಪುಟ ಬರೆಯುವುದರೊಳಗೆ ಎರಡು ಸಲ ಎದ್ದು ರಸ್ತೆಯ ಆ ತುದಿಗೆ ಹೋಗಿ ಬಂದೆ.

ಮೂರನೆಯ ಪೆಟ್ಟಿಗೆಯ ಸಸ್ಪೆನ್ಷನ್ ಹಾಕಿಸಿದ ಮೊದಲ ವಾರದಿಂದಲೇ ನಾನು ಒಂದು ಕಳ್ಳ ಕೆಲಸ ಶುರು ಮಾಡಿದೆ. ಭಾನುವಾರದ ಓಟ ಮುಗಿದ ಮೇಲೆ ನಾಲ್ಕೂ ತಿರುಪನ್ನು ಪೂರ್ತಿ ಸಡಿಲ ಮಾಡಿ, ಇವರಿಗೆ ಮಾತ್ರ "ನಂಗಿಷ್ಟ ಬಂದ ಹಾಗೇ ಗಟ್ಟಿ ಇಟ್ಕೊಂಡಿದೀನಿ" ಎಂದೆ. ನಿಮಗೋಸ್ಕರ ಸಡಿಲ ಮಾಡಿದೆ ಎಂದರೆ ಬೇಡ, ಪರವಾಗಿಲ್ಲ, ಗಟ್ಟಿಯೇ ಇರಲಿ ಎನ್ನುತ್ತಾರೆ. ಹೇಳದೆ ಮಾಡಿದರೆ ಹಾಯಾಗಿ ಕೂರುತ್ತಾರೆ. ಹೀಗೆ ನನ್ನ ಲೆಕ್ಕಾಚಾರ.

ಕೂರಲಿಲ್ಲ. ಆ ವಾರದಿಂದಲೇ ನಡೆದುಕೊಂಡು ಹೋಗಲು ಶುರು ಮಾಡಿದರು. "ನಡೆದ್ರೆ ಒಳ್ಳೇದು" ಎಂದರು. ಯಾರಿಗೆ ಒಳ್ಳೆಯದು ಎಂದು ಹೇಳಲಿಲ್ಲ. ನಾನು ಖಾಲಿ ಸೀಟಿನ ಪಕ್ಕ ಕೂತು, ಫುಟ್‌ಪಾತಿನಲ್ಲಿ ಡಬ್ಬಿ ಹಿಡಿದು ಹೋಗುವ ನನ್ನದೇ ಗಂಡನನ್ನು ದಾಟಿ, ಕೈ ಬೀಸಿ ಮುಂದೆ ಹೋಗುತ್ತಿದ್ದೆ. ನೋಡಿದವರು ಏನಂದುಕೊಂಡಿರಬೇಕು!

ಇದರ ಜೊತೆಗೆ ಇನ್ನೊಂದು ಹುಳ ತಲೆ ಹೊಕ್ಕಿತು. ಇವರೇ ಒಮ್ಮೆ ಊಟಕ್ಕೆ ಕೂತಾಗ ಹೇಳಿದ್ದರು. ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡವರಲ್ಲಿ ಬೈಯುವವರ ಬಗ್ಗೆ ಚಿಂತೆಯಿಲ್ಲವಂತೆ. ಪರವಾಗಿಲ್ಲ ಎಂದು ನಗುವವರ ಬಾಯನ್ನೇ ಮೊದಲು ತೆರೆದು ನೋಡಬೇಕಂತೆ, ಒಸಡಿನಲ್ಲಿ ಹುಣ್ಣಾಗಿರುವುದು ಅವರಿಗೇ. ಅವತ್ತು ನಕ್ಕಿದ್ದೆ. ಈಗ ಇವರ ಬಾಯಿ ತೆರೆದು ನೋಡುವುದು ಹೇಗೆ ಎಂದು ತಿಳಿಯದೆ ಒದ್ದಾಡುತ್ತಿದ್ದೇನೆ. ನನ್ನ ಕಾರು ಮಾತ್ರ ಕಷ್ಟವೋ, ನಾನೇ ಕಷ್ಟವೋ? ಮಾತು ಜಾಸ್ತಿ, ಸದ್ದು ಜಾಸ್ತಿ, ವೇಗ ಜಾಸ್ತಿ ಇರುವ ಹೆಂಡತಿಯನ್ನು ಒಬ್ಬ ಮೆತ್ತನೆಯ ಮನುಷ್ಯ ಪರವಾಗಿಲ್ಲ ಎಂದು ಸಹಿಸಿಕೊಂಡಿದ್ದಾರೋ?

ಹೋದ ವಾರ ಕಾಡಿಬೇಡಿ ಇವರನ್ನು ಹತ್ತಿಸಿಕೊಂಡೆ. ನೀರಿನ ಟ್ಯಾಂಕಿನ ಪಕ್ಕದ ತಿರುವು ನಿಮಗೆ ನೆನಪಿರಬಹುದು, ಅಲ್ಲಿ ರಸ್ತೆ ಕಿತ್ತುಹೋಗಿದೆ, ಯಾವಾಗಲೂ ಒದ್ದೆ. ವೇಗ ಹೆಚ್ಚೇನೂ ಇರಲಿಲ್ಲ, ಆಣೆ ಮಾಡುತ್ತೇನೆ. ಸ್ಟೇರಿಂಗ್ ತಿರುಗಿಸಿದೆ. ಕಾರು ತಿರುಗಲಿಲ್ಲ! ಮೂತಿ ಗಡಗಡ ಕುಪ್ಪಳಿಸಿಕೊಂಡು ನೇರ ಹೋಯಿತು, ಹಿಂಭಾಗ ತೊಟ್ಟಿಲಿನಂತೆ ತೂಗಿತು. ರಸ್ತೆಯ ಎದುರು ಬದಿಗೆ ನುಗ್ಗಿ, ಟ್ಯಾಂಕಿನ ಗೋಡೆಗೆ ಒಂದು ಮೊಳವಿದೆ ಎನ್ನುವಾಗ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ, ಅಷ್ಟೇ ನಮ್ಮ ಪುಣ್ಯ. ಇವರ ಡಬ್ಬಿ ತೆರೆದುಕೊಂಡು ಊಟವೆಲ್ಲ ತೊಡೆಯ ಮೇಲೆ. ಮುಖದಲ್ಲಿ ರಕ್ತವಿಲ್ಲ. ಆ ಮುಖದಲ್ಲೇ ನನ್ನ ಕಡೆ ತಿರುಗಿ ಅಂದರು, "ಪರವಾಗಿಲ್ಲ."

ಅವತ್ತೇ ಜ್ಯಾಕ್ ಅಣ್ಣನ ಮೇಲೆ ಹರಿಹಾಯ್ದೆ. ಕೆಟ್ಟ ಮಾಲು ಹಾಕಿದ್ದೀಯ, ನನ್ನ ಗಂಡನಿಗೆ ಏನಾದರೂ ಆಗಿದ್ದರೆ ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ. ಆತ ಅಷ್ಟೇ ಜೋರಾಗಿ ಕೂಗಿ, ಬಾನೆಟ್ ಎತ್ತಿ, ಡಿಕ್ಕಿ ತೆರೆದು ನೋಡಿ, ಸೊಂಟದ ಮೇಲೆ ಕೈಯಿಟ್ಟ. "ಮುಂದಿಂದು ಎರಡೂ ಪೂರ್ತಿ ಬಿಗಿ. ಹಿಂದಿಂದು ಎರಡೂ ಪೂರ್ತಿ ಸಡಿಲ. ಹೀಗಿಟ್ರೆ ಯಾವ ಕಾರ್ ತಿರುಗುತ್ತಮ್ಮಾ? ಊರಿಗೆಲ್ಲ ಪಾಠ ಹೇಳ್ತೀಯ, ಬಿಗಿ ಯಾವ ಕಡೆ ಸಡಿಲ ಯಾವ ಕಡೆ ಗೊತ್ತಾಗಲ್ವಾ?"

ನಾನು ನಾಲ್ಕನ್ನೂ ಸಡಿಲ ಮಾಡಿದ್ದೆ ಅತ್ತೆ. ಮಾಡಿದ್ದೆ ಎಂದೇ ನಂಬಿದ್ದೆ. ಆದರೆ ಆ ತಿರುಪು ಮುಟ್ಟುವವಳು ನಾನೊಬ್ಬಳೇ. ಅಂದರೆ ಮುಂದಿನ ಎರಡನ್ನು ತಿರುಗಿಸುವಾಗ ಉಲ್ಟಾ ತಿರುಗಿಸಿದ್ದೇನೆ. ಭಾನುವಾರ ಬಿಗಿ ಮಾಡಲು ಹೋದರೆ ಮುಂದಿನವು ತಿರುಗದೆ ನಿಂತಿರುತ್ತಿದ್ದವು, ಅದನ್ನೂ ಲೆಕ್ಕಕ್ಕಿಟ್ಟಿರಲಿಲ್ಲ. ಹೊಸ ಮದುವೆಯ ಅಮಲಿನಲ್ಲಿ, ಏನೋ ಗುನುಗುತ್ತ, ನನ್ನ ಗಂಡನನ್ನು ಗೋಡೆಗೆ ಒಯ್ದು ಗುದ್ದಲಿದ್ದೆ. ಜ್ಯಾಕ್ ಅಣ್ಣನಿಗೆ ತಪ್ಪಾಯಿತು ಎಂದೆ. ಇವರಿಗೆ ಹೇಳಿಲ್ಲ. ಹೇಳಲು ನಾಲಿಗೆ ಏಳುತ್ತಿಲ್ಲ. ನಾಲ್ಕನ್ನೂ ಸಮ ಮಾಡಿಸಿಕೊಂಡು ಬಂದೆ, ಆದರೆ ಆಮೇಲೆ ಇವರನ್ನು ಹತ್ತಿಸಿಕೊಳ್ಳುವ ಧೈರ್ಯವಾಗಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿ, ಬ್ಯಾಂಕಿನ ಮೇಡಂ, ಬಹಳ ದಿನದಿಂದ ಆ ಕಾರಿನ ಮೇಲೆ ಕಣ್ಣಿಟ್ಟಿದ್ದಾರೆ. ಶನಿವಾರ ಬನ್ನಿ ಎಂದು ಹೇಳಿಬಿಟ್ಟೆ. ಮನೆಯಲ್ಲಿ, ಭಾನುವಾರದ ಹುಚ್ಚು ಸಾಕು ಅನ್ನಿಸಿದೆ, ಮಾರ್ತೀನಿ ಎಂದೆ. ಬೇಡ ಅನ್ನಲಿ, ಜಗಳವಾಡಲಿ, ಏನಾದರೂ ಎಸೆಯಲಿ ಎಂದು ಕಾದೆ. "ನಿನ್ನಿಷ್ಟ. ಪರವಾಗಿಲ್ಲ" ಎಂದು ತಟ್ಟೆ ತೊಳೆಯಲು ಹೋದರು.

ಲ್ಯಾಬಿನ ದೀಪ ಆರಿತು. ಓಡುತ್ತೇನೆ.

ಶನಿವಾರ
ಮನೆ, ಅಡುಗೆಮನೆಯ ಮೇಜು

ಅತ್ತೆ! ಅತ್ತೆ, ಅತ್ತೆ, ಅತ್ತೆ!

ಮೇಲಿನ ಪುಟಗಳನ್ನು ಹರಿದುಹಾಕಬೇಕು ಎಂದುಕೊಂಡೆ. ಹಾಕುವುದಿಲ್ಲ. ಅವೂ ಇರಲಿ, ಇದನ್ನೂ ಓದಿ.

ಬೆಳಿಗ್ಗೆ, ಮೇಡಂ ಬರುವ ಮೊದಲು ಕಾರು ತೊಳೆಯೋಣ ಎಂದು ಬಕೆಟ್ ಹಿಡಿದು ಕೆಳಗೆ ಪಾರ್ಕಿಂಗಿಗೆ ಹೋದೆ. ಇವರು ಹಾಲು ತರಲು ಹೋಗಿದ್ದರು, ಹಾಗಂತ ಹೇಳಿ ಹೋಗಿದ್ದರು. ನೋಡಿದರೆ ನನ್ನ ಕಾರಿನ ಬಾನೆಟ್ ಎದ್ದಿದೆ! ಅದರೊಳಗೆ ಸೊಂಟದವರೆಗೆ ಮುಳುಗಿದ ಒಬ್ಬ ಮನುಷ್ಯ. ಕಳ್ಳ ಎಂದುಕೊಂಡು ಬಕೆಟ್ ಎತ್ತಿದೆ. ಕಳ್ಳನ ಕಾಲಲ್ಲಿ ನಾನು ಕೊಡಿಸಿದ ಚಪ್ಪಲಿ.

ಹಣೆಯಲ್ಲಿ ಲ್ಯಾಬಿನ ದೀಪ, ಒಂದು ಕೈಯಲ್ಲಿ ಹಲ್ಲಿನ ಹಿಂದೆ ನೋಡುವ ಆ ಪುಟಾಣಿ ಕನ್ನಡಿ. ಇನ್ನೊಂದು ಕೈ ತಿರುಪಿನ ಮೇಲೆ.

"ಏನ್ ಮಾಡ್ತಿದೀಯಾ?" ಎಂದೆ. (ಕ್ಷಮಿಸಿ ಅತ್ತೆ, ಮನೆಯಲ್ಲಿ ನಾನು ಇವರನ್ನು ನೀನು ಎಂದೇ ಕರೆಯುವುದು. ಇಲ್ಲಿಯವರೆಗೆ ಮರ್ಯಾದೆಗೆ ಮುಚ್ಚಿಟ್ಟಿದ್ದೆ.)

ತಲೆ ಬಾನೆಟ್ಟಿಗೆ ಬಡಿಯಿತು. "ಏನಿಲ್ಲ."

"ಏನಿಲ್ಲ ಅಂದ್ರೆ?"

"ಸ್ವಲ್ಪ ಬಿಗಿ ಮಾಡ್ತಿದ್ದೆ."

"ಯಾಕೆ?"

"ಇವತ್ತು ಹೋಗ್ಬಿಡುತ್ತಲ್ಲ. ಕೊನೇ ಸಲ ನಿಂಗಿಷ್ಟ ಬಂದ ಹಾಗೆ ಒಂದು ರೌಂಡು ಓಡಿಸ್ಲಿ ಅಂತ."

ಬಕೆಟ್ ಕೆಳಗಿಟ್ಟೆ. ಆಮೇಲೆ ತಲೆ ಓಡಿತು. "ಕೊನೇ ಸಲ ಅಂದ್ರೆ? ಮುಂಚೆನೂ ಮಾಡಿದೀಯಾ?"

ಇವರು ಕನ್ನಡಿಯನ್ನು ಅಂಗಿಗೆ ಒರೆಸುತ್ತ ನಿಂತರು. "ನೀನು ನನಗೋಸ್ಕರ ಸಡಿಲ ಮಾಡ್ತೀಯ ಅಂತ ಗೊತ್ತಿತ್ತು. ಭಾನುವಾರ ಸಾಯಂಕಾಲ ನಿನ್ನ ಬೆರಳಿಗೆಲ್ಲ ಗ್ರೀಸು. ಗಟ್ಟಿ ಇದ್ರೇನೇ ಜೀವ ಬರೋದು ಅಂತ ನೀನೇ ಅಂದಿದ್ಯಲ್ಲ. ಅದಕ್ಕೇ ನೀನು ಸ್ನಾನಕ್ಕೆ ಹೋದಾಗ ಬಂದು ವಾಪಸ್ ತಿರುಗಿಸ್ತಿದ್ದೆ."

"ಯಾವತ್ತಿಂದ?"

"ಮೊದಲಿಂದಾನೂ."

"ಮುಂದಿಂದು ತಿರುಗಿಸ್ತಿದ್ದೆ. ಹಿಂದಿಂದು?"

ನಿಮ್ಮ ಮಗ ನನ್ನನ್ನೇ ನೋಡಿದರು. ಆಮೇಲೆ ಕಾರಿನ ಹಿಂಭಾಗವನ್ನು ನೋಡಿದರು. "ಹಿಂದೆನೂ ಇದೆಯಾ?"

ನಾನು ಡಿಕ್ಕಿ ತೆರೆದು, ಕಾರ್ಪೆಟ್ ಎತ್ತಿ, ಎರಡೂ ಬದಿಯ ತಿರುಪುಗಳನ್ನು ತೋರಿಸಿದೆ. ಇವರು ಅದನ್ನು ನೋಡುತ್ತಿದ್ದಂತೆ, ಟ್ಯಾಂಕಿನ ಪಕ್ಕದ ತಿರುವು ಇವರ ಮುಖದ ಮೇಲೆ ಮತ್ತೆ ಬಂದದ್ದು ನನಗೆ ಕಾಣಿಸಿತು. ಹಾಗೇ ಪಾರ್ಕಿಂಗಿನ ನೆಲದ ಮೇಲೆ ಕೂತುಬಿಟ್ಟರು. "ಅವತ್ತು ನೀನು ಸಡಿಲ ಮಾಡಿದ್ದಕ್ಕೇ ಹಾಗಾಯ್ತು ಅಂದ್ಕೊಂಡಿದ್ದೆ. ಅದಕ್ಕೇ ಇವತ್ತು ಇನ್ನೂ ಬಿಗಿ ಮಾಡ್ತಿದ್ದೆ."

ನಾನು ಮುದ್ದು ಮಾಡಿದೆ ಎಂದುಕೊಳ್ಳಬೇಡಿ. ಕೂಗಾಡಿದೆ! ಸತ್ತೇಹೋಗುತ್ತಿದ್ದೆವು, ಕೇಳಿದ್ದರೆ ಬಾಯಿ ಸವೆಯುತ್ತಿತ್ತಾ ಎಂದು ಇಡೀ ಪಾರ್ಕಿಂಗ್ ಮಾರ್ದನಿಸುವಂತೆ ಕೂಗಿದೆ. ಇವರು ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಮೆಲ್ಲಗೆ, "ನೀನು ಕೇಳಿದ್ಯಾ?" ಎಂದರು.

ನಾನೂ ಇವರ ಪಕ್ಕ ನೆಲದ ಮೇಲೆ ಕೂತೆ. ಬಕೆಟ್ಟಿನ ನೀರು ಅರ್ಧ ನನ್ನ ಮೇಲೆಯೇ ಚೆಲ್ಲಿತ್ತು.

"ನಡ್ಕೊಂಡ್ ಹೋಗ್ತಿದ್ದಿದ್ದು ಯಾಕೆ ಮತ್ತೆ?"

"ನಾನು ಕೂರದಿದ್ರೆ ನೀನು ಸಡಿಲ ಮಾಡೋದೇ ಬೇಡವಲ್ಲ."

ಅತ್ತೆ, ಇಷ್ಟು ದಿನ ಆ ಮನುಷ್ಯ ನನ್ನ ಕಾರು ಗಟ್ಟಿಯಾಗಿರಲಿ ಎಂದು ಬಿಸಿಲಲ್ಲಿ ನಡೆದಿದ್ದಾರೆ! ನಾನೋ, ಪಕ್ಕದಲ್ಲೇ ಕೈ ಬೀಸಿ ದಾಟಿ ಹೋಗುತ್ತಿದ್ದೆ.

ಆಮೇಲೆ ನಾನೊಂದು ಕೆಲಸ ಮಾಡಿದೆ. ಹಣೆಯ ದೀಪವನ್ನು ಇವರ ಹಣೆಯಿಂದ ಬಿಚ್ಚಿ ನನ್ನ ಹಣೆಗೆ ಕಟ್ಟಿಕೊಂಡೆ. "ಬಾಯಿ ತೆಗಿ. ಎಲ್ಲಿ ಒತ್ತುತ್ತೆ ಹೇಳು. ಪರವಾಗಿಲ್ಲ ಅಂದ್ರೆ ಈ ಬಕೆಟ್ ತಲೆ ಮೇಲೆ" ಎಂದೆ. ಮೊದಲು ನಕ್ಕರು. ದೀಪ ಕಣ್ಣಿಗೆ ಹೊಡೆಯುತ್ತಿದ್ದಂತೆ ನಗು ನಿಂತಿತು. ಕಡೆಗೆ ಬಂತು ಮಾತು.

ಗುಂಡಿ, ಹಂಪು ಯಾವುದೂ ಇವರಿಗೆ ಲೆಕ್ಕಕ್ಕಿಲ್ಲವಂತೆ. ಕಾರು ತೊಟ್ಟಿಲಿನಂತೆ ತೂಗಿದರೆ ಹೊಟ್ಟೆ ತೊಳಸುತ್ತದಂತೆ! ಅಂದರೆ ನಾನು ಪ್ರೀತಿಯಿಂದ ಸಡಿಲ ಮಾಡಿದ ಕಾರಿನಲ್ಲಿ ಕೂತಿದ್ದರೆ ಇವರಿಗೆ ವಾಂತಿಯೇ ಬರುತ್ತಿತ್ತು. ಬಿಗಿ ಮಾಡಿದ್ದು ನನಗೋಸ್ಕರ ಮಾತ್ರವಾ ಎಂದು ಗದರಿದಾಗ, "ಸ್ವಲ್ಪ ನನಗೋಸ್ಕರನೂ" ಎಂದು ಒಪ್ಪಿಕೊಂಡರು. ಇನ್ನೂ ಇದೆ ಎಂದರು. ಹೇಳು ಎಂದೆ. "ತಿರುವಿಗೆ ಮುಂಚೆ ನೀನು ಬ್ರೇಕ್ ತುಂಬ ತಡವಾಗಿ ಒತ್ತುತೀಯ. ನಂಗೆ ಹೆದರಿಕೆ ಆಗುತ್ತೆ. ಪ್ರತಿ ಸಲ."

ಡ್ರೈವಿಂಗ್ ಟೀಚರಿಗೆ, ಲೈಸೆನ್ಸ್ ಇಲ್ಲದವರು! ಸಿಟ್ಟು ನೆತ್ತಿಗೇರಿತು, ಇಳಿಯಿತು. ದಿನವಿಡೀ ಪಕ್ಕದ ಸೀಟಿನವರ ಮೊಣಕಾಲು ನೋಡಿಯೇ ಅವರ ಹೆದರಿಕೆ ಅಳೆಯುವವಳು ನಾನು. ಇವರ ಮೊಣಕಾಲನ್ನು ಒಂದು ದಿನವೂ ನೋಡಿರಲಿಲ್ಲ. ನನ್ನ ಕಣ್ಣು ಇವರ ಮುಖದಿಂದ ಕೆಳಗೆ ಇಳಿದರೆ ತಾನೇ!

ಕೂಡಲೇ ಹೊರಟೆವು. ನಾಲ್ಕೂ ತಿರುಪನ್ನು ಒಟ್ಟಿಗೆ ಹೊಂದಿಸಿದೆವು. ನಾನು ಹಿಂದಿನದು, ಇವರು ಮುಂದಿನದು, ಒಬ್ಬರಿಗೊಬ್ಬರು ಕೂಗಿ ಹೇಳಿಕೊಂಡು. ಟ್ಯಾಂಕಿನ ತಿರುವಿಗೆ ಹೋಗಿ, ಬಂದು, ಮತ್ತೆ ಇಳಿದು ತಿರುಗಿಸಿ, ಮತ್ತೆ ಹೋಗಿ. ಇವರು ಹಲ್ಲಿನ ಸೆಟ್ಟು ಉಜ್ಜುವ ಹಾಗೆಯೇ. ಒಂದು ಚೂರು, ಕಚ್ಚಿ ನೋಡು, ಇನ್ನೊಂದು ಚೂರು. "ಇಲ್ಲಿ ತೂಗ್ತು." "ಈಗ ಬೆನ್ನಿಗೆ ಹೊಡೀತು." "ಬ್ರೇಕ್! ಈಗ! ಈಗ್ಲೇ ಟೀಚರಮ್ಮಾ!" ಕೊನೆಗೆ ಸಿಕ್ಕ ಜಾಗ ನಾನು ಭಾನುವಾರಕ್ಕೆ ಇಟ್ಟುಕೊಳ್ಳುವುದಕ್ಕಿಂತ ಸ್ವಲ್ಪವೇ ಮೆದು. ಆ ತಿರುವನ್ನು ಕೆಂಪು ಕಾರು ಬೆಣ್ಣೆಯಲ್ಲಿ ಚಾಕು ಇಳಿದಂತೆ ತಿರುಗಿತು. ಹಿಡಿಕೆಯ ಮೇಲೆ ಇವರ ಕೈ ಇತ್ತು, ನಿಜ. ಆದರೆ ಎರಡೇ ಬೆರಳು.

ವಾಪಸ್ ಬಂದರೆ ಗೇಟಿನಲ್ಲಿ ಬ್ಯಾಂಕಿನ ಮೇಡಂ! ಹೊಸ ಕನ್ನಡಕ, ಹೊಸ ಕೀಲಿಗೊಂಚಲು ಸಮೇತ ಬಂದಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಕಿಟಕಿಯ ಗಾಜು ಇಳಿಸಿ ನಿಮ್ಮ ಮಗ ಅಂದರು, "ಇಲ್ಲ ಮೇಡಂ. ಕಾರು ಕೊಡಲ್ಲ."

ಇಲ್ಲ! ನಿಮ್ಮ ಮಗ, ಪಾರಿವಾಳಕ್ಕೂ ಏಳು ಎನ್ನದವರು, ಬ್ಯಾಂಕಿನ ಮೇಡಂಗೆ ಮುಖದ ಮೇಲೆ ಇಲ್ಲ ಎಂದರು. ನನ್ನ ಕಾರನ್ನು, ನನ್ನನ್ನು ಒಂದು ಮಾತೂ ಕೇಳದೆ! ಅದಕ್ಕಾಗಿ ಮೇಲೆ ಬಂದ ಮೇಲೆ ಬೇರೆ ಜಗಳವಾಯಿತು. ಚೆನ್ನಾಗಿತ್ತು. ಮೇಡಂಗೆ ಕ್ಷಮೆ ಕೇಳಿ ಚಹಾ ಕೊಟ್ಟು ಕಳಿಸಿದೆ. ಅವರ ಮುಖ ಈಗಲೂ ಕಣ್ಣಿಗೆ ಕಟ್ಟಿದೆ ಪಾಪ.

ನಾಳೆ ಭಾನುವಾರ. ಇವರು ರನ್‌ವೇಗೆ ಬರುತ್ತಾರಂತೆ. ಪಕ್ಕದಲ್ಲಿ ಕೂರುವುದಿಲ್ಲ, ಅಷ್ಟು ಪ್ರೀತಿ ಇನ್ನೂ ಬಂದಿಲ್ಲ ಎಂದು ಮುಖಕ್ಕೇ ಹೇಳಿದರು. ಬಿದ್ದ ಕೋನ್ ಎತ್ತಿ ನಿಲ್ಲಿಸುತ್ತಾರಂತೆ. ಆ ಮಾತಿಗೆ ನನಗಾದ ಖುಷಿಯನ್ನು ಬರೆಯಲು ನನ್ನ ಕನ್ನಡ ಸಾಲದು. ಇಂಗ್ಲಿಷೂ ಸಾಲದು.

ನೀವು ಬನ್ನಿ ಅತ್ತೆ. ನಿಲ್ದಾಣದಿಂದ ನಾನೇ ಕರೆತರುತ್ತೇನೆ, ಮುಂದಿನ ಸೀಟಿನಲ್ಲಿ. ಬ್ರೇಕ್ ಬೇಗನೆ ಒತ್ತುತ್ತೇನೆ.

ನಿಮ್ಮ ಮಗನ ಪಕ್ಕದಲ್ಲಿ ಕೂತು ಬರೆದ,
ನಿಮ್ಮ ಸ್ಟೇರಿಂಗ್ ಸೊಸೆ

ಮತ್ತೊಂದು ಮಾತು: ಈ ಪತ್ರವನ್ನು ಇವರಿಗೆ ಓದಿ ಹೇಳಿದೆ. ಎಲ್ಲ ಕೇಳಿ, "ಅಮ್ಮನಿಗೂ ಹೇಳ್ಬಿಡು" ಎಂದು ಬಾಗಿಲ ಹಿಂದಿನ ಉಡುಪನ್ನು ತೋರಿಸಿದರು. ಅದು ಕಂಕುಳಲ್ಲಿ ಬಿಗಿ ಅತ್ತೆ. ತುಂಬ ಬಿಗಿ. ಮದುವೆಯ ದಿನ ನೀವು ಹಲ್ಲಲ್ಲಿ ಗುಂಡುಸೂಜಿ ಕಚ್ಚಿಕೊಂಡು, ಸರಿಯಾಗಿದೆಯಾ ಎಂದು ಕೇಳಿದಿರಿ. ನಾನು ಪರವಾಗಿಲ್ಲ ಅಂದೆ. ಫೋಟೋಗಳಲ್ಲಿ ನಾಚಿಕೊಂಡು ನಿಂತಿದ್ದಲ್ಲ, ಕೈ ಎತ್ತಲು ಆಗುತ್ತಿರಲಿಲ್ಲ. ನಿಮ್ಮ ಪತ್ರ ಓದಿ ಹೇಳಿದಾಗ ಇವರು ಬಿದ್ದು ಬಿದ್ದು ನಕ್ಕದ್ದು ಅದಕ್ಕೇ. ಬಿಚ್ಚಿ ಹಿಗ್ಗಿಸಲು ಒಳಗೆ ಬಟ್ಟೆ ಬಿಟ್ಟೇ ಹೊಲಿದಿರುತ್ತೀರಂತೆ, ಯಾವಾಗಲೂ. ಬರುವಾಗ ಕತ್ತರಿ ತನ್ನಿ.